ವ್ರತದಲ್ಲಿ ಪರಿಮಾಣ, ವಿಹಾರದಲ್ಲಿ ಸಾಲ

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯ ಧರ್ಮದ ಪ್ರವಚನ ನಡೆಯುತ್ತದೆ. ಆಸೆಗೆ ಮಿತಿ ಇರಬೇಕು, ಸಂಗ್ರಹಕ್ಕೆ ಗಡಿ ಇರಬೇಕು ಎಂಬ ಮಾತಿಗೆ ಸಭೆಯೆಲ್ಲ ತಲೆದೂಗುತ್ತದೆ. ಅದೇ ಸಭೆಯಲ್ಲಿ ಕುಳಿತಿದ್ದ ಕುಟುಂಬ ದೀಪಾವಳಿ ಮುಗಿಯುವಷ್ಟರಲ್ಲಿ, ಮಾಲ್ದೀವ್ಸ್‌ನ ಕಡಲತೀರದ ರೆಸಾರ್ಟೊಂದರಲ್ಲಿ ನಾಲ್ಕು ರಾತ್ರಿ ಕಳೆಯುವ ಸಲುವಾಗಿ, ಇಪ್ಪತ್ತನಾಲ್ಕು ತಿಂಗಳ ಸಾಲಪತ್ರಕ್ಕೆ ಸಹಿ ಹಾಕುತ್ತದೆ. ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿ ನೆಲೆಸಿರುವ ಕನ್ನಡ ಜೈನ ಮಧ್ಯಮವರ್ಗಕ್ಕೆ ಇದು ಈಗ ಅಪರೂಪದ ಸಂಗತಿಯಲ್ಲ. ಅಪರೂಪವಾಗಿರುವುದು, ಹೊರಡುವ ಮುನ್ನ ಪೂರ್ಣ ಲೆಕ್ಕ ಬರೆಯುವ ಕುಟುಂಬ ಮಾತ್ರ. ಲೆಕ್ಕವನ್ನೇ ಕುಲವೃತ್ತಿಯೆಂದು ಹೇಳಿಕೊಳ್ಳುವ ಸಮಾಜಕ್ಕೆ ಇದಕ್ಕಿಂತ ದೊಡ್ಡ ಅಪಮಾನ ಬೇರೆ ಬೇಕಿಲ್ಲ.

ವಾದ ಎಲ್ಲಿಗೆ ಹೋಗುತ್ತದೆಂಬ ಅನುಮಾನ ಬಾರದಿರಲೆಂದು ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಬೇಕು. ಸಮುದ್ರ ದಾಟುವುದು ದೋಷವಲ್ಲ. 1893ರಲ್ಲಿ ಶಿಕಾಗೋದ ವಿಶ್ವಧರ್ಮ ಸಮ್ಮೇಳನದಲ್ಲಿ ಜೈನಧರ್ಮದ ಪ್ರತಿನಿಧಿಯಾಗಿ ಮಾತನಾಡಿದ ವೀರಚಂದ್ ರಾಘವ್‌ಜಿ ಗಾಂಧಿಯವರ ವಿರುದ್ಧ, ಕಡಲು ದಾಟಿದರೆಂಬ ಕಾರಣಕ್ಕೆ ಸಂಪ್ರದಾಯಸ್ಥರು ಸಿಡಿದೆದ್ದಿದ್ದರು. ಆ ವಾದ ಸೋತಿತು, ಸೋಲಲೇಬೇಕಿತ್ತು. ಮಕ್ಕಳು ಜಗತ್ತನ್ನು ನೋಡಲಿ, ದುಡಿದು ದಣಿದ ದಂಪತಿಗಳು ನಾಲ್ಕು ದಿನ ಅಲೆಯ ಸದ್ದು ಕೇಳುತ್ತ ಕೂರಲಿ. ಅದನ್ನು ಪಾಪವೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಪ್ರಶ್ನೆ ಬೇರೆ: ಆ ನಾಲ್ಕು ದಿನಗಳ ನಿಜವಾದ ಬೆಲೆ ಎಷ್ಟು, ಅದನ್ನು ತೆರುವವರು ಯಾರು, ಯಾವಾಗ ತೆರುತ್ತಾರೆ?

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಪುಣೆಯಲ್ಲಿರುವ ನಾಲ್ವರ ಕುಟುಂಬ: ದಂಪತಿ, ಹದಿನೈದರ ಮಗಳು, ಹತ್ತರ ಮಗ. ಜಾಹೀರಾತಿನಲ್ಲಿ ಕಂಡ ದರ, ಬೆಳಗಿನ ಉಪಾಹಾರ ಮತ್ತು ರಾತ್ರಿಯ ಊಟ ಸೇರಿ ಕೊಠಡಿಗೆ ರಾತ್ರಿಯೊಂದಕ್ಕೆ 600 ಡಾಲರ್ ಎಂದಿಟ್ಟುಕೊಳ್ಳೋಣ. ಲೆಕ್ಕದ ಅನುಕೂಲಕ್ಕೆ ಡಾಲರಿನ ಬೆಲೆ 90 ರೂಪಾಯಿ. ನಾಲ್ಕು ರಾತ್ರಿಗೆ 2,400 ಡಾಲರ್, ಅಂದರೆ 2,16,000 ರೂಪಾಯಿ. ಬಹುತೇಕ ಮನೆಗಳಲ್ಲಿ ಗಂಡ ಹೆಂಡತಿಯ ನಡುವೆ ಚರ್ಚೆಯಾಗುವುದು ಈ ಅಂಕಿಯೊಂದೇ. ಬಂಧುಗಳ ವಾಟ್ಸಪ್ ಬಳಗದಲ್ಲಿ ‘ಎರಡು ಲಕ್ಷದಲ್ಲಿ ಮುಗಿಯಿತು’ ಎಂದು ಹೇಳಿಕೊಳ್ಳುವುದೂ ಇದನ್ನೇ.

ಆದರೆ ರೆಸಾರ್ಟಿನ ಬಿಲ್ಲು ಅಲ್ಲಿಗೆ ನಿಲ್ಲುವುದಿಲ್ಲ. ಆ ದರದ ಮೇಲೆ ಶೇಕಡಾ 10 ಸೇವಾ ಶುಲ್ಕ ಬೀಳುತ್ತದೆ: 240 ಡಾಲರ್. ಎರಡನ್ನೂ ಕೂಡಿಸಿದ ಮೊತ್ತದ ಮೇಲೆ ಮಾಲ್ದೀವ್ಸ್ ಸರಕಾರದ ಪ್ರವಾಸೋದ್ಯಮ ತೆರಿಗೆ ಬೀಳುತ್ತದೆ. ಶೇಕಡಾ 16 ಇದ್ದ ಆ ತೆರಿಗೆ 2025ರ ಜುಲೈ 1ರಿಂದ ಶೇಕಡಾ 17 ಆಗಿದೆ. ಅದು 448.80 ಡಾಲರ್. ಇದರ ಜೊತೆಗೆ ಹಸಿರು ತೆರಿಗೆ. ರೆಸಾರ್ಟುಗಳಲ್ಲಿ ತಲಾ ದಿನಕ್ಕೆ 6 ಡಾಲರ್ ಇದ್ದದ್ದು 2025ರ ಜನವರಿ 1ರಿಂದ 12 ಡಾಲರಿಗೆ ಏರಿದೆ. ನಾಲ್ವರಿಗೆ ನಾಲ್ಕು ದಿನಕ್ಕೆ 192 ಡಾಲರ್. ಒಟ್ಟು 3,280.80 ಡಾಲರ್, ಅಂದರೆ 2,95,272 ರೂಪಾಯಿ. ಕೊಠಡಿಯ ಬಾಗಿಲು ತೆರೆಯುವ ಮೊದಲೇ ಜಾಹೀರಾತಿನ ದರಕ್ಕೆ 79,272 ರೂಪಾಯಿ ಕೂಡಿತು.

ಇನ್ನು ಮಾಲೆಯ ವಿಮಾನ ನಿಲ್ದಾಣದಿಂದ ದ್ವೀಪಕ್ಕೆ ಹೋಗಬೇಕು. ದೂರದ ದ್ವೀಪವಾದರೆ ನೀರಿನ ಮೇಲಿಳಿಯುವ ಪುಟ್ಟ ವಿಮಾನವೇ ಗತಿ. ನಾಲ್ವರಿಗೆ ಹೋಗಿಬರಲು 1,200 ಡಾಲರ್ ಎಂದು ಹಿಡಿದರೆ 1,08,000 ರೂಪಾಯಿ. ಆ ವಿಮಾನಗಳು ಹಗಲಿನಲ್ಲಷ್ಟೇ ಹಾರುತ್ತವೆ. ಅಗ್ಗದ ಟಿಕೆಟ್ ಸಿಕ್ಕಿತೆಂದು ಸಂಜೆ ಮಾಲೆ ತಲುಪುವ ವಿಮಾನ ಹಿಡಿದವರು ಅಲ್ಲಿಯೇ ಒಂದು ರಾತ್ರಿಯ ಕೊಠಡಿಗೆ ಹಣ ತೆರಬೇಕಾಗುತ್ತದೆ. ಮುಂಬಯಿಯಿಂದ ಹೋಗಿಬರುವ ಟಿಕೆಟ್ ತಲಾ 28,000 ಎಂದರೆ 1,12,000 ರೂಪಾಯಿ. ಮಾಲ್ದೀವ್ಸ್‌ನ ನಿರ್ಗಮನ ತೆರಿಗೆ ಮತ್ತು ವಿಮಾನ ನಿಲ್ದಾಣ ಅಭಿವೃದ್ಧಿ ಶುಲ್ಕ 2024ರ ಡಿಸೆಂಬರ್ 1ರಿಂದ ಇಕಾನಮಿ ದರ್ಜೆಯ ವಿದೇಶಿ ಪ್ರಯಾಣಿಕರಿಗೆ ತಲಾ 50 ಡಾಲರಿನಂತೆ ಒಟ್ಟು 100 ಡಾಲರ್ ಆಗಿದ್ದು, ಅದು ಟಿಕೆಟ್ಟಿನೊಳಗೆ ಕಾಣದಂತೆ ಕುಳಿತಿರುತ್ತದೆ. ಮಧ್ಯಾಹ್ನದ ಊಟ, ಕುಡಿಯುವ ನೀರು, ದೋಣಿ ವಿಹಾರ, ಪ್ರಯಾಣ ವಿಮೆ, ಕಾರ್ಡಿನ ವಿದೇಶಿ ವಿನಿಮಯ ಶುಲ್ಕ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ: ಇವಕ್ಕೆಲ್ಲ 50,000 ಇಟ್ಟರೆ ಅದು ಬಿಗಿಯಾದ ಲೆಕ್ಕವೇ. ಒಟ್ಟು 5,65,272 ರೂಪಾಯಿ. ಎರಡು ಲಕ್ಷದ ಪ್ರವಾಸ ಐದೂವರೆ ಲಕ್ಷ ದಾಟಿತು. ಇಲ್ಲಿ ಮೋಸವೇನೂ ನಡೆದಿಲ್ಲ. ಪ್ರತಿಯೊಂದು ಶುಲ್ಕವೂ ಬುಕಿಂಗ್ ಪತ್ರದಲ್ಲಿ ಸಣ್ಣ ಅಕ್ಷರಗಳಲ್ಲಿ ಇದ್ದೇ ಇತ್ತು. ಓದಬೇಕಾದವರು ಓದಲಿಲ್ಲ, ಅಷ್ಟೆ.

ಜೈನ ಕುಟುಂಬಕ್ಕೆ ಇದರೊಳಗೆ ಇನ್ನೊಂದು ನಷ್ಟವಿದೆ. ಸಮಭಾಜಕ ವೃತ್ತದ ಬಳಿಯಿರುವ ಮಾಲ್ದೀವ್ಸ್‌ನಲ್ಲಿ ವರ್ಷವಿಡೀ ಸಂಜೆ ಆರರ ಆಸುಪಾಸಿನಲ್ಲಿ ಸೂರ್ಯ ಮುಳುಗುತ್ತಾನೆ. ರೆಸಾರ್ಟುಗಳಲ್ಲಿ ರಾತ್ರಿಯ ಊಟ ಸಾಮಾನ್ಯವಾಗಿ ಏಳರ ನಂತರ. ರಾತ್ರಿಭೋಜನ ತ್ಯಾಗ ಮಾಡಿದವರು, ಕಂದಮೂಲ ಬಿಟ್ಟವರು, ತಾವು ಮುಟ್ಟದ ಊಟಕ್ಕೂ ಅದರ ಮೇಲಿನ ಸೇವಾ ಶುಲ್ಕಕ್ಕೂ ತೆರಿಗೆಗೂ ಹಣ ತೆತ್ತು, ಮನೆಯಿಂದ ಕಟ್ಟಿಕೊಂಡು ಹೋದ ಅವಲಕ್ಕಿ, ಖಾಖರಾಗಳನ್ನು ಕೊಠಡಿಯಲ್ಲಿ ಕುಳಿತು ತಿನ್ನುತ್ತಾರೆ. ಡಿಸೆಂಬರ್ ಕೊನೆಯ ವಾರವಾದರೆ ಅನೇಕ ರೆಸಾರ್ಟುಗಳು 24 ಮತ್ತು 31ರ ರಾತ್ರಿಯ ವಿಶೇಷ ಭೋಜನವನ್ನು ಕಡ್ಡಾಯ ಮಾಡಿ ಅದಕ್ಕೆ ಪ್ರತ್ಯೇಕ ಹಣ ಪಡೆಯುತ್ತವೆ. ವಿಹಾರಗಳ ಪಟ್ಟಿಯಲ್ಲಿ ಸೂರ್ಯಾಸ್ತದ ಹೊತ್ತಿನ ಮೀನು ಹಿಡಿಯುವ ದೋಣಿಯಾನ ಇದ್ದೇ ಇರುತ್ತದೆ. ‘ಎಲ್ಲವೂ ಸೇರಿದ’ ಪ್ಯಾಕೇಜು ಕೊಂಡವರು ಅದಕ್ಕೂ ತಮಗರಿವಿಲ್ಲದೆ ಪಾಲು ಕೊಟ್ಟಿರಬಹುದು. ಬೇಡವಾದದ್ದನ್ನು ತೆಗೆದುಹಾಕಿ ದರ ಹೇಳಿ ಎಂದು ಮೊದಲೇ ಕೇಳುವವರು ಎಷ್ಟು ಮಂದಿ? ಕೇಳಲು ಸಂಕೋಚ. ವ್ರತವನ್ನು ಹೇಳಿಕೊಳ್ಳಲು ನಾಚಿಕೆಪಡುವವರು ಅದಕ್ಕಾಗಿ ಹಣ ಕಳೆದುಕೊಳ್ಳಲು ನಾಚಿಕೆಪಡುವುದಿಲ್ಲ.

ಇಷ್ಟಾದರೂ ಸ್ವಂತ ಉಳಿತಾಯದಿಂದ ಹೋದವರ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಹೇಳಬೇಕಾದುದು ಸಾಲ ಮಾಡಿ ಹೋಗುವವರಿಗೆ. ಐದು ಲಕ್ಷ ರೂಪಾಯಿಯ ವೈಯಕ್ತಿಕ ಸಾಲ, ವರ್ಷಕ್ಕೆ ಶೇಕಡಾ 14 ಬಡ್ಡಿ, ಎರಡು ವರ್ಷದ ಅವಧಿ ಎಂದಾದರೆ ಮಾಸಿಕ ಕಂತು ಸುಮಾರು 24,006 ರೂಪಾಯಿ. ಬಡ್ಡಿ ಒಟ್ಟು ಸುಮಾರು 76,000. ಸಾಲ ಮಂಜೂರಾತಿಗೆ ಶೇಕಡಾ 2 ಶುಲ್ಕ ಮತ್ತು ಅದರ ಮೇಲಿನ ಜಿಎಸ್‌ಟಿ ಸೇರಿದರೆ ಇನ್ನೂ 11,800. ನಾಲ್ಕು ರಾತ್ರಿಗಳನ್ನು ಮುಂಗಡವಾಗಿ ಅನುಭವಿಸಿದ ತಪ್ಪಿಗೆ 88,000 ರೂಪಾಯಿ ದಂಡ. ಹೊರಟಾಗ ಹತ್ತು ವರ್ಷದವನಾಗಿದ್ದ ಮಗ ಕೊನೆಯ ಕಂತು ಕಟ್ಟುವಾಗ ಹನ್ನೆರಡಾಗಿರುತ್ತಾನೆ; ಹದಿನೈದರ ಮಗಳು ಕಾಲೇಜು ಪ್ರವೇಶದ ಬಾಗಿಲಲ್ಲಿರುತ್ತಾಳೆ. ಆಗ ಶುಲ್ಕಕ್ಕೆ ಹಣವಿಲ್ಲವೆಂದು ಸಮಾಜದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದರೆ, ನಿಜವಾಗಿ ಬಡತನದಲ್ಲಿರುವ ಇನ್ನೊಂದು ಮಗುವಿನ ಪಾಲು ಕಡಿಮೆಯಾಗುತ್ತದೆ. ಒಂದು ಮನೆಯ ಲೆಕ್ಕಗೇಡು ಆ ಮನೆಯೊಳಗೇ ಉಳಿಯುವುದಿಲ್ಲ.

ಇದಕ್ಕೆ ಬರುವ ಉತ್ತರ ಪರಿಚಿತವಾದದ್ದೇ: ‘ತಿಂಗಳಿಗೆ ಇಪ್ಪತ್ತನಾಲ್ಕು ಸಾವಿರ ಕಟ್ಟುವ ಶಕ್ತಿ ಇದೆ, ಕಟ್ಟುತ್ತೇವೆ.’ ಶಕ್ತಿ ಇದೆಯೆಂಬುದು ನಿಜವಾದರೆ ವಾದ ಅಲ್ಲಿಗೇ ಮುಗಿಯುತ್ತದೆ. ಐದು ಲಕ್ಷವನ್ನು ಇಪ್ಪತ್ತನಾಲ್ಕು ತಿಂಗಳಲ್ಲಿ ಕೂಡಿಡಲು, ಬಂದ ಬಡ್ಡಿಯನ್ನು ಲೆಕ್ಕಿಸದಿದ್ದರೂ, ತಿಂಗಳಿಗೆ 20,834 ರೂಪಾಯಿ ಸಾಕು. ಹಿಂದೆ ಕಟ್ಟಬಲ್ಲವರು ಮುಂದೆ ಕೂಡಿಡಬಲ್ಲರು. ಆದರೂ ಕೂಡಿಡುವುದಿಲ್ಲವೆಂದರೆ ಕೊರತೆಯಿರುವುದು ಹಣದಲ್ಲಲ್ಲ, ತಾಳ್ಮೆಯಲ್ಲಿ. ಅದಕ್ಕಿಂತ ಹೆಚ್ಚಾಗಿ, ಈ ಡಿಸೆಂಬರಿನಲ್ಲಿ ಭಾವಮೈದುನನ ಕುಟುಂಬ ಹೋದರೆ ತಾವೂ ಇದೇ ಡಿಸೆಂಬರಿನಲ್ಲಿ ಹೋಗಬೇಕೆಂಬ ಅವಸರದಲ್ಲಿ.

ಈ ಅವಸರಕ್ಕೆ ಸರಕಾರವೂ ಹೊಣೆಯೇ. ಮೊದಲು ಆದಾಯ ತೆರಿಗೆಯ 80ಸಿ ವಿನಾಯಿತಿಯ ಆಸೆಗಾದರೂ ಸಂಬಳದಾರರು ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಉಳಿಸುತ್ತಿದ್ದರು. 2023-24ರಿಂದ ತಾನಾಗಿಯೇ ಅನ್ವಯವಾಗುವ ಹೊಸ ಪದ್ಧತಿಯಲ್ಲಿ ಆ ವಿನಾಯಿತಿ ಇಲ್ಲ. ತೆರಿಗೆ ಕಡಿಮೆಯಾಯಿತು, ಸರಿ. ಉಳಿಸಲು ಇದ್ದ ಒತ್ತಾಸೆಯೂ ಹೋಯಿತು. ಕೈಯಲ್ಲಿ ಉಳಿದ ಹಣ ಕಂತಿನ ರೂಪದಲ್ಲಿ ಹೊರಹೋದಾಗ ಅದನ್ನೇ ಬಳಕೆಯ ಬೆಳವಣಿಗೆಯೆಂದು ಕೊಂಡಾಡುವ ಅರ್ಥನೀತಿಗೆ ಕುಟುಂಬದ ನಾಳೆಯ ಚಿಂತೆ ಇಲ್ಲ.

ವಿದೇಶ ಪ್ರವಾಸದ ಪ್ಯಾಕೇಜಿನ ಮೇಲೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆಯ, ಅಂದರೆ ಟಿಸಿಎಸ್‌ನ, ಕಥೆಯನ್ನೇ ನೋಡಬಹುದು. 2020ರ ಅಕ್ಟೋಬರ್ 1ರಂದು ಶೇಕಡಾ 5ರಿಂದ ಅದು ಆರಂಭವಾಯಿತು. 2023ರ ಅಕ್ಟೋಬರ್ 1ರಿಂದ ಏಳು ಲಕ್ಷ ಮೀರಿದ ಮೊತ್ತಕ್ಕೆ ಶೇಕಡಾ 20 ಆಯಿತು. 2025ರ ಏಪ್ರಿಲ್ 1ರಿಂದ ಆ ಮಿತಿ ಹತ್ತು ಲಕ್ಷಕ್ಕೆ ಏರಿತು. 2026ರ ಬಜೆಟ್ಟಿನಲ್ಲಿ ಮಿತಿಯನ್ನೇ ತೆಗೆದು ದರವನ್ನು ಶೇಕಡಾ 2ಕ್ಕೆ ಇಳಿಸಲಾಯಿತು. ಶೇಕಡಾ 20 ಅಗತ್ಯವಾಗಿತ್ತೆಂದಾದರೆ ಮೂರು ವರ್ಷ ತುಂಬುವ ಮೊದಲೇ ಶೇಕಡಾ 2 ಹೇಗೆ ಸಾಕಾಯಿತು? ಪ್ರಾಮಾಣಿಕವಾಗಿ ತೆರಿಗೆ ಕಟ್ಟುವ ಮಧ್ಯಮವರ್ಗದವರ ಹಣವನ್ನು ಬಡ್ಡಿಯಿಲ್ಲದೆ ತಿಂಗಳುಗಟ್ಟಲೆ ಇಟ್ಟುಕೊಂಡದ್ದಕ್ಕೆ ಉತ್ತರ ಹೇಳುವವರು ಯಾರೂ ಇಲ್ಲ.

ಆದರೆ ಸರಕಾರದ ತಪ್ಪು ತೆರಿಗೆದಾರರ ಅಜ್ಞಾನಕ್ಕೆ ನೆಪವಾಗಬಾರದು. ಟಿಸಿಎಸ್ ಖರ್ಚಲ್ಲ, ಮುಂಗಡ ತೆರಿಗೆ. ಅದು ಪಾನ್ ಸಂಖ್ಯೆಯ ಖಾತೆಗೆ ಜಮೆಯಾಗುತ್ತದೆ, ರಿಟರ್ನ್ ಸಲ್ಲಿಸುವಾಗ ಹೊಂದಾಣಿಕೆ ಮಾಡಿಕೊಳ್ಳಬಹುದು, ಹೆಚ್ಚಾಗಿದ್ದರೆ ವಾಪಸು ಪಡೆಯಬಹುದು. 2024ರ ಅಕ್ಟೋಬರ್ 1ರಿಂದ ಸಂಬಳದಾರರು ಅದನ್ನು ಉದ್ಯೋಗದಾತರಿಗೆ ತಿಳಿಸಿ ಸಂಬಳದಲ್ಲಿ ಕಡಿತವಾಗುವ ತೆರಿಗೆಯಿಂದಲೇ ಕಳೆಯಿಸಿಕೊಳ್ಳಲು ಅವಕಾಶವಾಯಿತು. ಪ್ಯಾಕೇಜಿನ ಮೇಲಿನ ಶೇಕಡಾ 5 ಜಿಎಸ್‌ಟಿ ಮಾತ್ರ ನಿಜವಾದ ಖರ್ಚು. ಅದು ಮರಳಿ ಬರುವುದಿಲ್ಲ. ಈ ಎರಡರ ವ್ಯತ್ಯಾಸವನ್ನು ತಿಳಿಯದೆ ಜಮೆಯಾದ ಹಣವನ್ನು ಕೇಳದೇ ಬಿಟ್ಟವರು ಈ ಸಮಾಜದಲ್ಲೂ ಇದ್ದಾರೆ. ತನಗಾಗಲಿ ಇತರರಿಗಾಗಲಿ ವರ್ಷವೊಂದರಲ್ಲಿ ವಿದೇಶ ಪ್ರಯಾಣಕ್ಕೆ ಎರಡು ಲಕ್ಷಕ್ಕಿಂತ ಹೆಚ್ಚು ವೆಚ್ಚ ಮಾಡಿದವರು, ಆದಾಯ ಎಷ್ಟೇ ಇರಲಿ, ರಿಟರ್ನ್ ಸಲ್ಲಿಸಲೇಬೇಕೆಂಬ ನಿಯಮವೂ ಹಲವರಿಗೆ ಗೊತ್ತಿಲ್ಲ. ಪಾನ್ ಬೇಡ, ಬಿಲ್ಲು ಬೇಡ, ನಗದು ಕೊಡಿ ಎನ್ನುವ ಏಜೆಂಟರ ಮಾತು ಕೇಳುವವರು, ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ನಗದನ್ನು ಪಡೆಯುವುದನ್ನು ಕಾನೂನು 2017ರಲ್ಲೇ ನಿಷೇಧಿಸಿದೆ ಎಂಬುದನ್ನು ನೆನಪಿಡಬೇಕು. ಸತ್ಯ ಮತ್ತು ಅಚೌರ್ಯ ಎಂಬ ಎರಡು ಅಣುವ್ರತಗಳು ಬಸದಿಯ ಹೊಸ್ತಿಲಿಗೆ ಮುಗಿಯುವುದಿಲ್ಲ.

ಇನ್ನು ದೇಶಭಕ್ತಿಯ ವಿಷಯ. 2024ರ ಜನವರಿಯಲ್ಲಿ ಪ್ರಧಾನಿಯವರ ಲಕ್ಷದ್ವೀಪ ಭೇಟಿಯ ನಂತರ ಮಾಲ್ದೀವ್ಸ್‌ನ ಮೂವರು ಉಪಮಂತ್ರಿಗಳು ಹಗುರವಾಗಿ ಮಾತನಾಡಿದಾಗ ಬಹಿಷ್ಕಾರದ ಕೂಗೆದ್ದಿತು. ಸಮಾಜದ ವಾಟ್ಸಪ್ ಬಳಗಗಳಲ್ಲೂ ಪ್ರತಿಜ್ಞೆಗಳು ಹರಿದಾಡಿದವು. 2023ರಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿಗೆ ಹೋಗಿದ್ದರು. 2024ರಲ್ಲಿ ಆ ಸಂಖ್ಯೆ ಗಣನೀಯವಾಗಿ ಕುಸಿಯಿತು. 2025ರ ಜುಲೈಯಲ್ಲಿ ಪ್ರಧಾನಿಯವರೇ ಆ ದೇಶದ ಸ್ವಾತಂತ್ರ್ಯೋತ್ಸವಕ್ಕೆ ಅತಿಥಿಯಾಗಿ ಹೋಗಿಬಂದರು. ಪ್ರತಿಜ್ಞೆ ಮಾಡಿದವರು ಮತ್ತೆ ಟಿಕೆಟ್ ಹುಡುಕತೊಡಗಿದರು. ದೆಹಲಿಯ ಗಾಳಿ ಬೀಸಿದತ್ತ ಬದಲಾಗುವ ಪ್ರತಿಜ್ಞೆಗೆ ವ್ರತವೆಂಬ ಹೆಸರು ಸಲ್ಲದು. ರಾಜಕಾರಣಿಯ ಮಾತಿಗೆ ಪ್ರವಾಸ ರದ್ದುಮಾಡಲು ಸಿದ್ಧವಿರುವ ಕುಟುಂಬ ತನ್ನದೇ ಜಮಾಖರ್ಚಿನ ಮಾತಿಗೆ ರದ್ದುಮಾಡಲು ಏಕೆ ಸಿದ್ಧವಿಲ್ಲ?

ವಾಸ್ತವದಲ್ಲಿ ಬಜೆಟ್ ಎಂಬುದು ಜೈನ ಗೃಹಸ್ಥನಿಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿಯೂ ಸಮಂತಭದ್ರರ ರತ್ನಕರಂಡ ಶ್ರಾವಕಾಚಾರದಲ್ಲಿಯೂ ಶ್ರಾವಕನ ವ್ರತಗಳ ಪಟ್ಟಿಯೇ ಒಂದು ಬಜೆಟ್ಟು. ಎಷ್ಟು ಕೂಡಿಡಬಹುದು ಎಂಬುದಕ್ಕೆ ಪರಿಗ್ರಹ ಪರಿಮಾಣ. ಯಾವ ದಿಕ್ಕಿನಲ್ಲಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ದಿಗ್ವ್ರತ. ಎಷ್ಟು ಅನುಭವಿಸಬಹುದು ಎಂಬುದಕ್ಕೆ ಭೋಗೋಪಭೋಗ ಪರಿಮಾಣ. ಇವುಗಳಲ್ಲಿ ಯಾವುದೂ ಗೃಹಸ್ಥನಿಗೆ ‘ಹೋಗಬೇಡ, ಅನುಭವಿಸಬೇಡ’ ಎಂದು ಹೇಳುವುದಿಲ್ಲ. ಮೊದಲು ಅಳತೆ ನಿಶ್ಚಯಿಸು ಎಂದಷ್ಟೇ ಹೇಳುತ್ತವೆ. ದಿಗ್ವ್ರತಕ್ಕೆ ಹೇಳಿರುವ ಐದು ಅತಿಚಾರಗಳಲ್ಲಿ ಎರಡು ಇಲ್ಲಿ ಬಹಳ ಮುಖ್ಯ. ಒಂದು ಕ್ಷೇತ್ರವೃದ್ಧಿ, ಅಂದರೆ ಹಾಕಿಕೊಂಡ ಗಡಿಯನ್ನು ಅನುಕೂಲಕ್ಕೆ ತಕ್ಕಂತೆ ಹಿಗ್ಗಿಸುವುದು. ಇನ್ನೊಂದು ಸ್ಮೃತ್ಯಂತರಾಧಾನ, ಅಂದರೆ ಗಡಿ ಎಷ್ಟೆಂಬುದನ್ನೇ ಮರೆತುಬಿಡುವುದು. ಮೂರು ಲಕ್ಷವೆಂದು ಹೊರಟು, ‘ಇಷ್ಟು ದೂರ ಬಂದಮೇಲೆ ಅದೂ ಇರಲಿ, ಇದೂ ಇರಲಿ’ ಎಂದು ಐದೂವರೆಗೆ ಮುಟ್ಟಿ, ಊರಿಗೆ ಮರಳಿದಮೇಲೆ ‘ಎಷ್ಟಾಯಿತೋ ಯಾರಿಗೆ ಗೊತ್ತು’ ಎನ್ನುವವರು ಈ ಎರಡೂ ಅತಿಚಾರಗಳನ್ನು ಒಂದೇ ವಾರದಲ್ಲಿ ಮಾಡಿ ಮುಗಿಸಿರುತ್ತಾರೆ.

ಈ ಮಾತನ್ನು ಕೇಳಿ ಸಂಪ್ರದಾಯಸ್ಥರು ಹಿಗ್ಗಬೇಕಾಗಿಲ್ಲ. ವಿದೇಶ ವಿಹಾರವನ್ನು ಹಳಿಯುವ ಅದೇ ಹಿರಿಯರು ಪಂಚಕಲ್ಯಾಣದ ಸವಾಲಿನಲ್ಲಿ ಪಕ್ಕದವರ ಮುಖ ನೋಡಿ ಬೆಲೆ ಏರಿಸುವವರು. ಮಗಳ ಮದುವೆಗೆ ಸಾಲ ಮಾಡಿ, ಆ ಸಾಲದಲ್ಲಿ ಮಂಟಪದ ಹೂವಿನ ಪಾಲು ಎಷ್ಟೆಂದು ಕೇಳದವರು. ಸಾಲ ಮಾಡಿ ತೀರ್ಥಯಾತ್ರೆಗೆ ಹೊರಟರೆ ಬಡ್ಡಿಯ ದರ ಕಡಿಮೆಯಾಗುವುದಿಲ್ಲ. ದೋಷವಿರುವುದು ತಲುಪುವ ಸ್ಥಳದಲ್ಲಲ್ಲ, ಪರಿಮಾಣವಿಲ್ಲದ ಹೊರಡುವಿಕೆಯಲ್ಲಿ. ಹಾಗೆಯೇ, ಕಾರ್ಕಳ, ಮೂಡುಬಿದಿರೆಗಳಿಂದ ಮುಂಬಯಿ ಸೇರಿದ ಮನೆಗಳ ಮಕ್ಕಳಿಗೆ ಪಡುಬಿದ್ರಿಯ ಕಡಲತೀರ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದದ್ದು ಗೊತ್ತಿರುವುದು ಒಳ್ಳೆಯದೇ. ಆದರೆ ಊರಿನ ಕಡಲಿದೆಯೆಂಬ ಕಾರಣಕ್ಕೆ ಬೇರೆ ಕಡಲನ್ನು ನೋಡಬೇಡಿರೆಂದು ಮಕ್ಕಳಿಗೆ ಹೇಳುವುದು ಸುಧಾರಣೆಯಲ್ಲ, ಜಿಪುಣತನ.

ಹಾಗಾದರೆ ಮಾಡಬೇಕಾದುದೇನು? ಮಹಾವೀರ ನಿರ್ವಾಣದ ದೀಪಾವಳಿಯಂದು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡುವ ಪದ್ಧತಿ ಅನೇಕ ಮನೆಗಳಲ್ಲಿ ಇನ್ನೂ ಇದೆ. ಆ ದಿನ ಪೂಜೆಯ ಜೊತೆಗೆ ಒಂದು ಪುಟವನ್ನೂ ಬರೆಯಲಿ. ಆ ಪುಟದ ಮೊದಲ ಸಾಲು ತಂದೆತಾಯಿಯ ಆರೋಗ್ಯ ವಿಮೆ. ವೈಯಕ್ತಿಕ ಆರೋಗ್ಯ ವಿಮೆಯ ಮೇಲಿನ ಶೇಕಡಾ 18 ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಪೂರ್ಣವಾಗಿ ರದ್ದಾಗಿರುವುದರಿಂದ ತೆರಿಗೆ ಭಾರವೆಂಬ ಹಳೆಯ ನೆಪ ಇನ್ನಿಲ್ಲ. ಎರಡನೆಯ ಸಾಲು ಆರು ತಿಂಗಳ ಮನೆಖರ್ಚಿನ ಆಪತ್ತಿನ ನಿಧಿ. ಮೂರನೆಯದು ಮಕ್ಕಳ ವಿದ್ಯಾಭ್ಯಾಸ. ನಾಲ್ಕನೆಯದು ದಾನ. ಇವೆಲ್ಲ ತುಂಬಿದ ನಂತರ ವಿಹಾರದ ಪರಿಮಾಣ. ಮೊದಲು ಮೊತ್ತ, ಆಮೇಲೆ ಸ್ಥಳ. ಆ ಮೊತ್ತಕ್ಕೆ ಮಾಲ್ದೀವ್ಸ್ ಸಿಕ್ಕಿದರೆ ಮಾಲ್ದೀವ್ಸ್, ಸಿಗದಿದ್ದರೆ ಇನ್ನೊಂದು ವರ್ಷ ಕಾಯುವುದು. ತೆರಿಗೆ, ದೋಣಿ, ವಿಮಾನ, ಊಟ ಎಲ್ಲ ಸೇರಿದ ಕೊನೆಯ ಅಂಕಿಯನ್ನು ಲಿಖಿತವಾಗಿ ಪಡೆಯುವವರೆಗೆ ಒಂದು ರೂಪಾಯಿ ಮುಂಗಡವನ್ನೂ ಕೊಡಬಾರದು. ಈ ಪುಟ ಬರೆಯುವಾಗ ಹದಿನೈದರ ಮಗಳೂ ಪಕ್ಕದಲ್ಲಿ ಕುಳಿತಿರಬೇಕು. ಮನೆಯ ಆದಾಯ ಗೊತ್ತಿಲ್ಲದ ಮಕ್ಕಳು ಕೇಳುವುದನ್ನು ಹಟವೆನ್ನಲಾಗದು. ಅವರಿಗೆ ಯಾರೂ ಲೆಕ್ಕ ತೋರಿಸಿಲ್ಲ.

ಸಮಾಜದ ಸಂಘಗಳ ಹೊಣೆಯೂ ಇದೆ. ‘ಜೈನ ಅಡುಗೆಯವರೊಂದಿಗೆ ವಿದೇಶ ಪ್ರವಾಸ’ ಎಂದು ಸಂಘದ ಹೆಸರಿನಲ್ಲಿ ಕರೆ ಕೊಡುವವರು ತಲಾ ವೆಚ್ಚದ ವಿವರವನ್ನು ಸದಸ್ಯರ ಮುಂದಿಡಲಿ. ಏಜೆಂಟರಿಂದ ಸಂಘಟಕರಿಗೆ ಉಚಿತ ಸೀಟು, ಕಮಿಷನ್ ದೊರೆಯುತ್ತದೆಯೇ ಎಂಬುದನ್ನೂ ಹೇಳಲಿ. ದೊರೆಯುವುದು ತಪ್ಪಲ್ಲದಿರಬಹುದು, ಮುಚ್ಚಿಡುವುದು ತಪ್ಪು. ಕಂತಿನ ಸೌಲಭ್ಯವಿದೆಯೆಂಬ ಸಾಲನ್ನು ಆ ಕರೆಪತ್ರಗಳಿಂದ ಅಳಿಸಲಿ. ಸದಸ್ಯರನ್ನು ಸಾಲಕ್ಕೆ ದೂಡುವುದು ಸಂಘದ ಕೆಲಸವಲ್ಲ.

ಮುಂದಿನ ದಶಲಕ್ಷಣ ಪರ್ವದಲ್ಲಿ ಆಕಿಂಚನ್ಯದ ಪ್ರವಚನ ಮತ್ತೆ ನಡೆಯುತ್ತದೆ, ಸಭೆ ಮತ್ತೆ ತಲೆದೂಗುತ್ತದೆ. ಆ ಹೊತ್ತಿಗೆ ಹಲವರ ಕಿಸೆಯಲ್ಲಿರುವ ಮೊಬೈಲಿಗೆ ಕಂತು ಕಡಿತವಾದ ಸಂದೇಶವೂ ಬಂದಿರುತ್ತದೆ. ಪ್ರವಚನ ಮುಗಿದಮೇಲೆ ಮನೆಗೆ ಹೋಗಿ ಆ ಸಂದೇಶವನ್ನು ಹೆಂಡತಿ ಮಕ್ಕಳ ಮುಂದೆ ತೆರೆದಿಟ್ಟು, ಇನ್ನೆಷ್ಟು ಕಂತು ಬಾಕಿಯಿದೆಯೆಂದು ಎಣಿಸಿ ಹೇಳುವ ಯಜಮಾನ ಆ ವರ್ಷದ ವ್ರತವನ್ನು ಅರ್ಧದಷ್ಟಾದರೂ ಪಾಲಿಸಿದಂತೆ.